ಸೈಟ್‌ನವರು ನಮ್ಮ ಪಾಸ್‌ವರ್ಡ್ ಬರೆದಿಟ್ಟುಕೊಳ್ಳುತ್ತಾರಾ? ಹ್ಯಾಶ್ ಅಂದರೆ ಏನು?

ಸರಿಯಾಗಿ ಕಟ್ಟಿದ ಸೈಟ್ ಪಾಸ್‌ವರ್ಡ್ ಇಟ್ಟುಕೊಳ್ಳುವುದಿಲ್ಲ. ಅದರ ಹ್ಯಾಶ್, ಅಂದರೆ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಅಕ್ಷರ-ಅಂಕಿಗಳ ಸಾಲು, ಮಾತ್ರ ಇಡುತ್ತದೆ.

ನಮ್ಮ ವಿಜಯಪುರದ ಗಿರಣಿಯಲ್ಲಿ ಜೋಳ ಬೀಸಿಸಿದ ಮೇಲೆ ಹಿಟ್ಟಿನಿಂದ ಮತ್ತೆ ಕಾಳು ಮಾಡಲು ಆಗುವುದಿಲ್ಲ, ಅಲ್ವಾ? ಹ್ಯಾಶ್ ಕೂಡ ಹಾಗೇ. ನೀವು ಲಾಗಿನ್ ಆಗುವಾಗ ಕೊಟ್ಟ ಪಾಸ್‌ವರ್ಡನ್ನು ಸೈಟ್ ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ತಾಳೆ ನೋಡುತ್ತದೆ.

ಆದರೆ ‘ಬಸವ123’ ತರದ ಸುಲಭದ ಪಾಸ್‌ವರ್ಡ್‌ಗಳನ್ನು ಕಳ್ಳರು ಮೊದಲೇ ಬೀಸಿಟ್ಟುಕೊಂಡಿರುತ್ತಾರೆ. ಅದಕ್ಕೇ ಒಬ್ಬೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ‘ಸಾಲ್ಟ್’, ಅಂದರೆ ಗೊತ್ತುಗುರಿಯಿಲ್ಲದ ಒಂದಷ್ಟು ಅಕ್ಷರ, ಬೆರೆಸಬೇಕು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್ ಬೇರೆ ಬರುತ್ತದೆ. ಜೊತೆಗೆ ಪಾಸ್‌ವರ್ಡ್‌ಗೆಂದೇ ಇರುವ ಬಿಕ್ರಿಪ್ಟ್, ಆರ್ಗಾನ್2 ಎಂಬ ಹ್ಯಾಶ್ ವಿಧಾನಗಳು ಬೇಕಂತಲೇ ನಿಧಾನ. ನಿಮಗೆ ಅದು ಕ್ಷಣದ ಕೆಲಸ, ಕೋಟಿಗಟ್ಟಲೆ ಊಹಿಸುವ ಕಳ್ಳನಿಗೆ ಜಾಸ್ತಿ ದುಬಾರಿ.

ಫೈಲ್ ಬದಲಾಗಿದೆಯಾ ಎಂದು ನೋಡಲೂ ಹ್ಯಾಶ್ ಬಳಸುತ್ತಾರೆ, ಅದಕ್ಕೆ ಎಸ್‌ಎಚ್‌ಎ-256 ಎಂಬ ವಿಧಾನ ಸಾಕು. ಫೈಲ್ ಎಷ್ಟೇ ದೊಡ್ಡದಿರಲಿ, ಸಿಗುವುದು 64 ಅಕ್ಷರ. ‘ಗೋಳಗುಮ್ಮಟ’, ‘ಗೋಲಗುಮ್ಮಟ’ ಎರಡನ್ನೂ ಹಾಕಿ ನೋಡಿ. ಒಂದೇ ಅಕ್ಷರದ ವ್ಯತ್ಯಾಸ, ಹ್ಯಾಶ್ ಪೂರ್ತಿ ಬೇರೆ! ಡೌನ್‌ಲೋಡ್ ಮಾಡಿದ ಫೈಲ್‌ನ ಹ್ಯಾಶ್ ಮೂಲ ಸೈಟ್ ಕೊಟ್ಟದ್ದಕ್ಕೆ ಹೊಂದದಿದ್ದರೆ ತೆರೆಯಬೇಡಿ, ಸುಮ್ನೆ ಅಳಿಸಿಬಿಡಿ. ಹಳೆಯ ಎಸ್‌ಎಚ್‌ಎ-1 ನಂಬಬೇಡಿ. ಒಂದೇ ಹ್ಯಾಶ್ ಬರುವ ಎರಡು ಬೇರೆ ಪಿಡಿಎಫ್‌ಗಳನ್ನು 2017ರಲ್ಲೇ ಮಾಡಿ ತೋರಿಸಿದ್ದಾರೆ.