ಮೆಣಸಿನ ಚೀಲಕ್ಕೆ ಅಡಿಕೆಯ ದರ: ಕಂಪೈಲರ್ ಏಕೆ ತಡೆಯಲಿಲ್ಲ?

ಪ್ರಶ್ನೆ: ಅಡಿಕೆ, ಕಾಳುಮೆಣಸಿನ ವ್ಯಾಪಾರಕ್ಕೆಂದು, ಟೈಪ್‌ಗಳನ್ನು (ದತ್ತಾಂಶದ ಬಗೆಗಳನ್ನು) ಪರೀಕ್ಷಿಸುವ ಭಾಷೆಯಾದ ಟೈಪ್‌ಸ್ಕ್ರಿಪ್ಟ್‌ನಲ್ಲಿ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ‘ದರಗಾರ’ ಇಂಟರ್‌ಫೇಸ್‌ನ (ಯಾವ ಸದಸ್ಯಗಳಿರಬೇಕೆಂದು ಹೇಳುವ ನಮೂನೆ) ‘ದರಕಟ್ಟು’ ಮೆಥಡ್ (ಅದರೊಳಗಿನ ಫಂಕ್ಷನ್) ಯಾವುದೇ ‘ಸರಕು’ ಪಡೆಯುತ್ತದೆ. ಅದನ್ನು ವಿಸ್ತರಿಸಿದ ‘ಅಡಿಕೆದರಗಾರ’ದಲ್ಲಿ ಅದೇ ಮೆಥಡ್ ‘ಅಡಿಕೆ’ಯನ್ನಷ್ಟೇ ಪಡೆದು, ರಾಶಿಯೋ ಚಾಲಿಯೋ ಬೆಟ್ಟೆಯೋ ಎಂದು ಅದರ ‘ಬಗೆ’ಯನ್ನು ಓದುತ್ತದೆ. ಕಟ್ಟುನಿಟ್ಟಿನ ಪರೀಕ್ಷೆಯ ‘ಸ್ಟ್ರಿಕ್ಟ್’ ಆಯ್ಕೆ ಇದ್ದರೂ, ಕೋಡನ್ನು ಓಡಿಸುವ ಮೊದಲೇ ಪರೀಕ್ಷಿಸುವ ಕಂಪೈಲರ್ ತಕರಾರು ತೆಗೆಯಲಿಲ್ಲ. ಮೆಣಸು ಬಂದೊಡನೆ ಪ್ರೋಗ್ರಾಂ ನಿಂತಿತು. ಏಕೆ?
— ಓದುಗರೊಬ್ಬರು, ಶಿರಸಿ

ಉತ್ತರ: ಕಂಪೈಲರ್ ತಡೆಯಬೇಕಿತ್ತು ಎಂಬ ನಿಮ್ಮ ನಿರೀಕ್ಷೆ ನ್ಯಾಯವಾದದ್ದೇ. ‘ದರಗಾರ’ವನ್ನು ಬಳಸುವ ಕೋಡ್ ಅದಕ್ಕೆ ಯಾವ ಸರಕನ್ನಾದರೂ ಕೊಡಬಹುದಾದ್ದರಿಂದ, ಅದರ ಜಾಗದಲ್ಲಿ ನಿಲ್ಲುವ ಇಂಟರ್‌ಫೇಸ್ ತನ್ನ ಪ್ಯಾರಾಮೀಟರಿನ (ಮೆಥಡ್ ಪಡೆಯುವ ಮೌಲ್ಯದ) ಟೈಪನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಬಾರದು, ಹಿಂದಿರುಗಿಸುವ ಮೌಲ್ಯಕ್ಕೆ ಇದೇ ನಿಯಮ ತಿರುವುಮುರುವಾಗಿ ಅನ್ವಯಿಸುತ್ತದೆ.

2017ರಲ್ಲಿ ಟೈಪ್‌ಸ್ಕ್ರಿಪ್ಟ್‌ನ 2.6ನೇ ಆವೃತ್ತಿಯೊಂದಿಗೆ ಬಂದ, ಈಗ ಸ್ಟ್ರಿಕ್ಟ್‌ನೊಳಗೇ ಸೇರಿರುವ ‘ಸ್ಟ್ರಿಕ್ಟ್‌ಫಂಕ್ಷನ್‌ಟೈಪ್ಸ್’ ಆಯ್ಕೆ ಈ ನಿಯಮವನ್ನು ಜಾರಿಗೊಳಿಸಿತಾದರೂ, ಮೆಥಡ್ ರೂಪದಲ್ಲಿ ಬರೆದ ಸದಸ್ಯಗಳಿಗೆ ಬೇಕೆಂದೇ ವಿನಾಯಿತಿ ನೀಡಿತು. ಅಲ್ಲಿ ಎರಡು ಪ್ಯಾರಾಮೀಟರ್ ಟೈಪ್‌ಗಳ ಪೈಕಿ ಯಾವುದಾದರೊಂದು ಇನ್ನೊಂದಕ್ಕೆ ಹೊಂದಿದರೆ ಸಾಕು. ‘ಸರಕು’ ಇದ್ದಲ್ಲಿ ನೀವು ಬರಿಯ ಸಂಖ್ಯೆಯನ್ನು ಬರೆದಿದ್ದರೆ ದೋಷ ಖಂಡಿತ ಕಾಣಿಸುತ್ತಿತ್ತು. ಈ ಸಡಿಲಿಕೆಗೆ ಮುಖ್ಯ ಕಾರಣ ಅರೇ (ಮೌಲ್ಯಗಳ ಪಟ್ಟಿ): ಅದಕ್ಕೆ ಹೊಸ ಮೌಲ್ಯ ಸೇರಿಸುವ ‘ಪುಶ್’ ಮುಂತಾದ ಮೆಥಡ್‌ಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದರೆ, ಅಡಿಕೆಗಳ ಅರೇಯನ್ನು ಸರಕುಗಳ ಅರೇ ಬೇಕಾದೆಡೆ ಕೊಡಲು ಬರುತ್ತಿರಲಿಲ್ಲ. ನನಗಂತೂ ಇದು ಅನುಕೂಲಕ್ಕಾಗಿ ತೆತ್ತ ದುಬಾರಿ ಬೆಲೆಯಾಗಿಯೇ ತೋರುತ್ತದೆ. ಜಾವಾದಲ್ಲಾದರೆ ನಿಮ್ಮ ಎರಡನೆಯ ಮೆಥಡ್ ಓವರ್‌ಲೋಡ್ (ಅದೇ ಹೆಸರಿನ ಬೇರೆ ಮೆಥಡ್) ಎನಿಸಿ ಮೊದಲನೆಯದರ ಪಕ್ಕದಲ್ಲಿ ಉಳಿಯುತ್ತಿತ್ತು. ಮೂಲದ ಮೆಥಡನ್ನು ಬದಲಿಸುತ್ತಿದೆ ಎಂದು ಸಾರುವ ‘ಓವರ್‌ರೈಡ್’ ಟಿಪ್ಪಣಿ ಹಾಕಿದ್ದರೆ ದೋಷವೇ ಬರುತ್ತಿತ್ತು.

ತಿದ್ದಬೇಕಾದದ್ದು ಮೂಲದ ‘ದರಗಾರ’ದಲ್ಲಿ. ‘ದರಕಟ್ಟು’ವನ್ನು ಮೆಥಡ್ ಆಗಿ ಬರೆಯುವ ಬದಲು, ಹೆಸರು, ವಿವರಣ ಚಿಹ್ನೆ (:), ಬಳಿಕ ಬಾಣದ ಗುರುತಿನ (=>) ಫಂಕ್ಷನ್ ಟೈಪ್ ಹೀಗೆ ಪ್ರಾಪರ್ಟಿಯಾಗಿ ಬರೆಯಿರಿ, ‘ಅಡಿಕೆದರಗಾರ’ದ ಸಾಲಿನಲ್ಲೇ ದೋಷ ಕಾಣಿಸುತ್ತದೆ. ವಿಸ್ತರಿಸಿದ ಇಂಟರ್‌ಫೇಸನ್ನಷ್ಟೇ ಬದಲಿಸಿದರೆ ಫಲವಿಲ್ಲ, ಏಕೆಂದರೆ ವಿನಾಯಿತಿಯನ್ನು ನಿರ್ಧರಿಸುವುದು ಮೂಲದಲ್ಲಿರುವ ಘೋಷಣೆಯ ರೂಪ.

ನಿಮ್ಮ ದರಗಾರನಿಗೆ ನಿಜಕ್ಕೂ ಅಡಿಕೆಯೊಂದೇ ಸಾಕೆಂದಾದರೆ, ‘ದರಗಾರ’ವನ್ನು ಜೆನೆರಿಕ್ ಮಾಡಿ ಸರಕಿನ ಟೈಪನ್ನು ಹೊರಗಿನಿಂದ ಕೊಡುವುದು ಇನ್ನೂ ಲೇಸು. ಆಗಲೂ ಪ್ರಾಪರ್ಟಿ ರೂಪವನ್ನು ಬಿಡಬೇಡಿ. ಮೆಥಡ್ ರೂಪವಿದ್ದರೆ ಅಡಿಕೆಯ ದರಗಾರ ಯಾವುದೇ ಸರಕಿನ ದರಗಾರನ ಜಾಗಕ್ಕೆ ಮತ್ತೆ ಸದ್ದಿಲ್ಲದೆ ನುಸುಳುತ್ತದೆ.