"ಇನ್ನೆರಡು ದಿನದಲ್ಲಿ ಬರುತ್ತೆ ಅಮ್ಮ": ಮನೆಯಿಂದ ಸಹಾಯವಾಣಿ ಕೆಲಸ ಮಾಡುವವರೊಬ್ಬರ ಪ್ರಕರಣ

(ಹೆಸರು, ವಯಸ್ಸು, ಊರು, ಇಲಾಖೆಯ ಗುರುತು ಬದಲಿಸಲಾಗಿದೆ. ಪ್ರಕಟಣೆಗೆ ಅವರ ಒಪ್ಪಿಗೆ ಇದೆ.)

ಶೈಲಾ, 33 ವರ್ಷ, ಬಿ.ಕಾಂ. ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ಗಂಡ, ಅತ್ತೆ, ನಾಲ್ಕು ವರ್ಷದ ಮಗಳ ಜೊತೆ ವಾಸ. ಹೊರಗುತ್ತಿಗೆ ಏಜೆನ್ಸಿಯ ಮೂಲಕ ಸರ್ಕಾರಿ ಸಹಾಯವಾಣಿಯೊಂದಕ್ಕೆ ಸಂಜೆ 4ರಿಂದ 8ರವರೆಗೆ ಮನೆಯಲ್ಲೇ ಕೂತು ಕರೆ ತೆಗೆದುಕೊಳ್ಳುತ್ತಾರೆ. ಆಪ್ತ ಸಲಹೆಗಾರರಾದ ನಮ್ಮ ಬಳಿ ತಂದ ದೂರುಗಳು ಮೂರು: ನಿದ್ದೆ ಇಲ್ಲ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಪಾಳಿ ಮುಗಿದ ಮೇಲೆ ಮಗಳ ಮೇಲೆ ಕೈ ಮಾಡಿದ್ದು. "ನಾಲ್ಕು ತಾಸಿನ ಕೆಲಸಕ್ಕೆ ಇಷ್ಟು ಒದ್ದಾಡೋದಾದ್ರೆ ಬಿಟ್ಟುಬಿಡು" ಎಂದು ಗಂಡ ಹೇಳಿದ್ದರಂತೆ. ಮನೆ ಸಾಲದ ಕಂತಿಗೆ ಇವರ ಸಂಬಳವೂ ಸೇರುತ್ತಿದ್ದುದರಿಂದ ಅದು ಬಾಯಿಮಾತಿನ ಸಲಹೆಯಷ್ಟೇ.

ಖಿನ್ನತೆ ಅಳೆಯುವ ಪಿ.ಎಚ್.ಕ್ಯೂ-9ರಲ್ಲಿ ಅಂಕ 9, ಅಂದರೆ ಸೌಮ್ಯ. ಆತಂಕದ ಜಿ.ಎ.ಡಿ-7ರಲ್ಲಿ 11, ಅಂದರೆ ಮಧ್ಯಮ. ಸಾಯಬೇಕೆಂಬ ಯೋಚನೆ ಇಲ್ಲ. ಸುಸ್ತು ಹೆಚ್ಚಿದ್ದರಿಂದ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೂ ಕಿವಿ ತಜ್ಞರ ಬಳಿ ಶ್ರವಣ ಪರೀಕ್ಷೆಗೂ ಕಳಿಸಲಾಯಿತು. ರಕ್ತಹೀನತೆಯ ಸುಸ್ತನ್ನು ಮನಸ್ಸಿನ ತಲೆಗೆ ಕಟ್ಟಿ ತಿಂಗಳುಗಟ್ಟಲೆ ಮಾತಾಡುತ್ತ ಕೂರುವುದು ನಮ್ಮ ವೃತ್ತಿಯಲ್ಲಿ ಅಪರೂಪವೇನಲ್ಲ. ಸಂಬಳದ ಚೀಟಿ ತರಿಸಿ ನೋಡಿದರೆ 0.75% ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿತ್ತು, ಅದರಿಂದ ತನಗೆ ಏನು ಸಿಗುತ್ತದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಪರೀಕ್ಷೆಗಳೆಲ್ಲ ಇ.ಎಸ್.ಐ.ನಲ್ಲೇ ಆದವು.

ಬೈಗುಳವೇ ಕಾರಣ ಎಂದು ಶೈಲಾ ನಂಬಿದ್ದರು. ಒಂದು ವಾರ ಪ್ರತಿ ಪಾಳಿ ಮುಗಿದ ಕೂಡಲೇ, ತಲೆಯಲ್ಲಿ ಉಳಿದ ಕರೆಗಳನ್ನು ಮಾತ್ರ ಮೂರು ಸಾಲಿನಲ್ಲಿ ಬರೆಯಲು ಹೇಳಿದೆವು: ವಿಷಯ ಏನು, ಬಗೆಹರಿಸುವ ಅಧಿಕಾರ ಯಾರದು, ಕೊನೆಗೆ ತಾನು ಹೇಳಿದ ವಾಕ್ಯ ಯಾವುದು. ಕರೆ ಮಾಡಿದವರ ಹೆಸರು, ನಂಬರು ಬರೆಯಕೂಡದು. ವಾರದ ಕೊನೆಗೆ ನೋಡಿದರೆ ಬೈದವರ ಕರೆ ಆ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟೇ. ತುಂಬಿಕೊಂಡಿದ್ದು ಎರಡನೆಯ, ಮೂರನೆಯ ಸಲ ಕರೆ ಮಾಡಿದವರು, ಅದರಲ್ಲೂ ಮೆತ್ತಗೆ ಮಾತಾಡಿದ ವಯಸ್ಸಾದ ಹೆಂಗಸರು. ಮೂರನೆಯ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಮಾತು: "ಇನ್ನೆರಡು ದಿನದಲ್ಲಿ ಬರುತ್ತೆ ಅಮ್ಮ."

ನಿದ್ದೆ ಕೆಡಿಸಿದ್ದು ಈ ವಾಕ್ಯ. ಸರ್ಕಾರಿ ಯೋಜನೆಯ ಹಣ ಎರಡು ದಿನದಲ್ಲಿ ಬರುತ್ತದೋ ಇಲ್ಲವೋ ಹೇಳುವ ಅಧಿಕಾರವಾಗಲಿ ಮಾಹಿತಿಯಾಗಲಿ ಕರೆ ತೆಗೆದುಕೊಳ್ಳುವವರಿಗೆ ಇರುವುದಿಲ್ಲ. ದೂರು ದಾಖಲಿಸಿ, ಸಂಖ್ಯೆ ಕೊಟ್ಟು, ಸಂಬಂಧಪಟ್ಟ ಅಧಿಕಾರಿಯ ಲಾಗಿನ್‌ಗೆ ಕಳಿಸುವಲ್ಲಿಗೆ ಅವರ ಕೆಲಸ ಮುಗಿಯುತ್ತದೆ. ಅತ್ತ ಕರೆಯ ಸರಾಸರಿ ಸಮಯ ಮೀರಬಾರದು, ಇತ್ತ ಅಳುವ ದನಿ. ಆಗ ಸಮಾಧಾನದ ಸುಳ್ಳೊಂದು ಬಾಯಿಂದ ತಾನಾಗಿ ಬರುತ್ತದೆ, ಕರೆ ಬೇಗ ಮುಗಿಯುತ್ತದೆ. ಆದರೆ ಮೂರನೆಯ ದಿನ ಅದೇ ಅಜ್ಜಿಯ ಕರೆ ತನಗೇ ಬಂದರೆ? ಆ ಅಂಜಿಕೆ ಹಾಸಿಗೆವರೆಗೂ ಬರುತ್ತಿತ್ತು.

ಆದ್ದರಿಂದ ಮೊದಲ ಸಲಹೆ ಉಸಿರಾಟದ ಅಭ್ಯಾಸವಲ್ಲ, ಕರೆಯ ಕೊನೆಯ ವಾಕ್ಯವನ್ನು ಬದಲಿಸುವುದು. ಉದಾಹರಣೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಎಂಬ ಕರೆ. ಕರೆ ಮಾಡಿದವರೇ ನೋಡಿಕೊಳ್ಳಬಹುದಾದ ಅಂಶಗಳು ನಿಶ್ಚಿತವಾಗಿ ಕೆಲವಿವೆ: ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅವರೇ ಇದ್ದಾರೆಯೇ, ಇ-ಕೆವೈಸಿ ಆಗಿದೆಯೇ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬ ನೋಂದಣಿ) ಸಕ್ರಿಯವಾಗಿದೆಯೇ, ಆ ಮ್ಯಾಪಿಂಗ್ ಹಳೆಯ, ಬಳಸದ ಖಾತೆಗೆ ಇದೆಯೇ. ಆಧಾರ್ ಜೋಡಿಸಿದ್ದೇನೆ ಎನ್ನುವವರಲ್ಲಿ ಹಲವರು ಖಾತೆಗೆ ಆಧಾರ್ ಪ್ರತಿ ಕೊಟ್ಟಿರುತ್ತಾರೆ, ಮ್ಯಾಪಿಂಗ್ ಆಗಿರುವುದಿಲ್ಲ. ಇಷ್ಟು ಕೇಳಿದ ಮೇಲೆ ಹೇಳಬೇಕಾದ್ದು:

"ಅಮ್ಮ, ದೂರು ದಾಖಲಾಗಿದೆ, ಸಂಖ್ಯೆ ಬರ್ಕೊಳ್ಳಿ. ಇದು ನಿಮ್ಮ ತಾಲ್ಲೂಕಿನ ಅಧಿಕಾರಿಗೆ ಹೋಗುತ್ತೆ. ಹಣ ಯಾವತ್ತು ಬರುತ್ತೆ ಅಂತ ಹೇಳೋ ಅಧಿಕಾರ ನನಗಿಲ್ಲ. ನೀವು ನಾಳೆ ಬ್ಯಾಂಕಿಗೆ ಹೋಗಿ ಮ್ಯಾಪಿಂಗ್ ಯಾವ ಖಾತೆಗಿದೆ ಕೇಳಿ. ಮತ್ತೆ ಕರೆ ಮಾಡುವಾಗ ಈ ಸಂಖ್ಯೆ ಹೇಳಿ, ಯಾರು ಎತ್ತಿದ್ರೂ ಸಿಗುತ್ತೆ."

"ನನಗಿಲ್ಲ" ಎಂದು ಹೇಳಲು ಶೈಲಾಗೆ ನಾಚಿಕೆ. ಪಾತ್ರ ಬದಲಿಸಿಕೊಂಡು ಅಭ್ಯಾಸ ಮಾಡಿಸಿದೆವು: ಅವರು ಕರೆ ಮಾಡುವ ಅಜ್ಜಿ, ಸಲಹೆಗಾರ ಏಜೆಂಟ್. ಅಜ್ಜಿಯ ಜಾಗದಲ್ಲಿ ಕೂತಾಗ ಸುಳ್ಳು ಭರವಸೆಗಿಂತ ನಾಳೆ ಎಲ್ಲಿಗೆ ಹೋಗಬೇಕೆಂಬ ಮಾತೇ ಹೆಚ್ಚು ಬೇಕೆನಿಸುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ಹೊಸ ವಾಕ್ಯದಿಂದ ಕರೆ ಅರ್ಧ ನಿಮಿಷದಷ್ಟು ಲಂಬಿಸಿತು, ಟೀಮ್ ಲೀಡರ್ ಗೊಣಗಿದರು. ಇದನ್ನು ಮೊದಲೇ ನಿರೀಕ್ಷಿಸಿ, ಕ್ವಾಲಿಟಿ ಪರಿಶೀಲನೆಯಲ್ಲಿ "ತಪ್ಪು ಮಾಹಿತಿ" ಎಷ್ಟು ದೊಡ್ಡ ತಪ್ಪು ಎಂದು ಏಜೆನ್ಸಿಯ ನಿಯಮದಲ್ಲೇ ನೋಡಿಟ್ಟುಕೊಳ್ಳಲು ಹೇಳಿದ್ದೆವು. ಸುಳ್ಳು ಭರವಸೆಗೆ ಆ ಕರೆಯ ಪೂರ್ತಿ ಅಂಕ ಹೋಗುತ್ತದೆ, ಸಮಯ ಮೀರಿದ್ದಕ್ಕೆ ಅಷ್ಟು ಹೋಗುವುದಿಲ್ಲ. ಟೀಮ್ ಲೀಡರ್ ಜೊತೆ ಮಾತಾಡಲು ಈ ಲೆಕ್ಕವೇ ಸಾಕಾಯಿತು.

ಎರಡನೆಯ ತೊಡಕು ತಡವಾಗಿ ಹೊರಬಂತು. ತೀರಾ ಕಷ್ಟದಲ್ಲಿದ್ದ ಕೆಲವರ ನಂಬರನ್ನು ಶೈಲಾ ಡೈರಿಯಲ್ಲಿ ಬರೆದುಕೊಂಡು, ಇಬ್ಬರಿಗೆ ತನ್ನ ಮೊಬೈಲ್‌ನಿಂದ ಫೋನ್ ಮಾಡಿ ವಿಚಾರಿಸಿದ್ದರು. ಅವರೀಗ ರಾತ್ರಿ ಹತ್ತಕ್ಕೂ ಕರೆ ಮಾಡುತ್ತಿದ್ದರು. ಒಳ್ಳೆಯ ಮನಸ್ಸು ನಿಜ, ಆದರೆ ಗುತ್ತಿಗೆಯ ಗೋಪ್ಯತೆಯ ಷರತ್ತಿಗೆ ವಿರುದ್ಧ, ಕೆಲಸ ಹೋಗುವ ವಿಷಯ. ಡೈರಿಯ ಆ ಹಾಳೆಗಳನ್ನು ಹರಿದು ನಾಶ ಮಾಡಬೇಕು, ಇಬ್ಬರಿಗೂ ಒಂದೇ ಸಲ "ಇದು ನನ್ನ ಸ್ವಂತ ನಂಬರ್, ದೂರಿನ ಸಂಖ್ಯೆ ಇಟ್ಕೊಂಡು ಸಹಾಯವಾಣಿಗೇ ಕರೆ ಮಾಡಿ" ಎಂದು ಹೇಳಿ ನಂತರ ಎತ್ತಬಾರದು ಎಂದು ನಿರ್ಧಾರವಾಯಿತು. ಪಕ್ಕದ ಮನೆಯವರ ಅರ್ಜಿ ಏನಾಗಿದೆ ನೋಡಿ ಹೇಳು ಎನ್ನುವ ಅತ್ತೆಗೂ ಉತ್ತರ ಸಿದ್ಧವಾಯಿತು: "ನಾನು ಯಾರ ಹೆಸರು ಹುಡುಕಿದ್ರೂ ನನ್ನ ಐಡಿಯಲ್ಲಿ ದಾಖಲಾಗುತ್ತೆ ಅತ್ತೆ, ಕೆಲಸ ಹೋಗುತ್ತೆ."

ಬೈಗುಳದ ವಿಷಯಕ್ಕೆ ಬಂದರೆ, "ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ" ಎಂಬ ಕಲಿಸಿಕೊಟ್ಟ ಮಾತು ಸಿಟ್ಟನ್ನು ಇನ್ನಷ್ಟು ಏರಿಸುತ್ತದೆ. ಕಲಬುರಗಿ ಕಡೆಯವರಿಗಂತೂ ಅದು ಓದಿ ಹೇಳಿದ ಹಾಗೆ ಕೇಳಿಸುತ್ತದೆ. "ಮೂರು ಸಲ ಫೋನ್ ಮಾಡೀರಿ, ಕೆಲಸ ಆಗಿಲ್ಲ" ಎಂದು ನಡೆದದ್ದನ್ನೇ ಹೇಳಿದರೆ ದನಿ ಇಳಿಯುತ್ತದೆ. ಕರೆ ಕಡಿತಗೊಳಿಸುವ ಮುನ್ನ ಎಷ್ಟು ಎಚ್ಚರಿಕೆ ಕೊಡಬೇಕೆಂಬ ನಿಯಮವನ್ನು ಏಜೆನ್ಸಿಯಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಅಶ್ಲೀಲ ಮಾತು ಬೇರೆಯೇ ಸಂಗತಿ. ಸಮಯ, ಕರೆಯ ಸಂಖ್ಯೆ ಗುರುತಿಸಿ ಅದೇ ದಿನ ಇಮೇಲ್ ಕಳಿಸಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳದ ವ್ಯಾಖ್ಯೆಯಲ್ಲಿ ಮನೆಯೂ ಬರುತ್ತದೆ, ಕೆಲಸದಲ್ಲಿ ಎದುರಾಗುವ ಹೊರಗಿನವರಿಂದ ರಕ್ಷಣೆ ಕೊಡುವುದೂ ಉದ್ಯೋಗದಾತರ ಹೊಣೆ. ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳ ಅವಧಿ ಇದೆ.

ಸಾಯುತ್ತೇನೆ ಎನ್ನುವ ಕರೆ ಬಂದರೆ: ಹೋಲ್ಡ್‌ಗೆ ಹಾಕಬಾರದು. "ಈಗ ಸಾಯೋ ಯೋಚನೆ ಇದೆಯಾ, ಹತ್ತಿರ ಏನಾದ್ರೂ ಇಟ್ಕೊಂಡಿದ್ದೀರಾ, ಜೊತೆಗೆ ಯಾರಿದ್ದಾರೆ" ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯ ತಕ್ಷಣದ್ದಾದರೆ ಚಾಟ್‌ನಲ್ಲಿ ಮೇಲ್ವಿಚಾರಕರ ಮೂಲಕ 112ಕ್ಕೆ ಸ್ಥಳ ತಿಳಿಸಿ, ಅಲ್ಲಿಯವರೆಗೆ ಕರೆಯಲ್ಲೇ ಇರಬೇಕು. ಅಷ್ಟು ತುರ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಇಂಥ ಕರೆಯ ನಂತರ ಮುಂದಿನ ಕರೆ ತೆಗೆದುಕೊಳ್ಳದೆ ಬ್ರೇಕ್ ಕೇಳುವುದು ಸೋಮಾರಿತನವಲ್ಲ.

ಕಿವಿಯ ಸದ್ದಿಗೆ ಕಾರಣ ಒಂದು ಕಿವಿಗಷ್ಟೇ ಹಾಕುವ ಹೆಡ್‌ಸೆಟ್. ಇನ್ನೊಂದು ಕಿವಿಗೆ ಕುಕ್ಕರ್, ಟಿವಿ ಕೇಳಿಸುವುದರಿಂದ ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ. ಎರಡೂ ಕಿವಿ ಮುಚ್ಚುವ, ಹಠಾತ್ ಸದ್ದನ್ನು ತಡೆಯುವ ಯುಎಸ್‌ಬಿ ಹೆಡ್‌ಸೆಟ್‌ಗೆ ಬದಲಾಯಿಸಿದರು. ಕರೆ ನಡುವೆ ಕಡಿದುಹೋಗಿ "ಫೋನ್ ಇಟ್ಟುಬಿಟ್ಟಳು" ಎಂಬ ಬೈಗುಳ ತರುತ್ತಿದ್ದುದು ಇಂಟರ್ನೆಟ್ ವೇಗದ ಕೊರತೆಯಲ್ಲ. ಒಂದು ಧ್ವನಿಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ಹಾಲ್‌ನಲ್ಲಿದ್ದ ರೂಟರ್‌ನಿಂದ ಮಲಗುವ ಕೋಣೆಗೆ ವೈಫೈ ಗೋಡೆ ದಾಟಿ ಬರುವಾಗ ಪ್ಯಾಕೆಟ್‌ಗಳು, ಅಂದರೆ ಧ್ವನಿ ಹೊತ್ತು ತರುವ ದತ್ತಾಂಶದ ತುಣುಕುಗಳು, ಕಳೆಯುತ್ತಿದ್ದವು. ಲ್ಯಾನ್ ಕೇಬಲ್ ಎಳೆಸಿ, ಕರೆಂಟ್ ಹೋದಾಗ ನಿಲ್ಲದಂತೆ ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿಸಿದ ಮೇಲೆ ಅದು ನಿಂತಿತು.

ಮಗಳ ಮೇಲೆ ಕೈ ಮಾಡಿದ್ದು ಯಾವಾಗಲೂ ಎಂಟರಿಂದ ಎಂಟೂಕಾಲರ ಒಳಗೆ. ಕೊನೆಯ ಕರೆ ಮುಗಿದ ಕ್ಷಣವೇ ಬಾಗಿಲು ತೆರೆದು ಅಡುಗೆಮನೆಗೆ ಹೋಗುತ್ತಿದ್ದರು. ಕಚೇರಿಯಿಂದ ಬರುವವರಿಗೆ ಬಸ್ಸಿನ ಅರ್ಧ ತಾಸಾದರೂ ಸಿಗುತ್ತದೆ, ಇವರಿಗೆ ಅದಿರಲಿಲ್ಲ. ಪಾಳಿ ಮುಗಿದ ಮೇಲೆ ಹದಿನೈದು ನಿಮಿಷ ಒಬ್ಬರೇ ಬೀದಿಯ ಕೊನೆವರೆಗೆ ನಡೆದು ಬರುವುದು, ಆ ಹೊತ್ತು ಮಗು ಅಪ್ಪನ ಪಾಲು ಎಂದು ಗಂಡನನ್ನು ಕೂರಿಸಿ ಒಪ್ಪಿಸಲಾಯಿತು. ಮಗಳು ಅಂಗನವಾಡಿಗೆ ಹೋಗುವ ಬೆಳಗಿನ ಪಾಳಿ ಕೊಡಿ ಎಂದು ಏಜೆನ್ಸಿಗೆ ಬರೆಯಲು ಹೇಳಿದೆವು. ಮೊದಲ ಸಲ ಇಲ್ಲ ಎಂದರು, ಒಬ್ಬರು ಕೆಲಸ ಬಿಟ್ಟಾಗ 9ರಿಂದ 1ರ ಪಾಳಿ ಸಿಕ್ಕಿತು.

ಕೊನೆಯ ಭೇಟಿಯಲ್ಲಿ ಜಿ.ಎ.ಡಿ-7 ಅಂಕ 6. ಕಿವಿಯ ಸದ್ದು ಕಡಿಮೆಯಾಗಿದೆ, ಹೋಗಿಲ್ಲ. ಕಿವಿ ತಜ್ಞರ ಬಳಿ ಮರುಪರೀಕ್ಷೆ ಬಾಕಿ ಇದೆ. ಕರೆಗಳ ನಡುವಿನ ಬಿಡುವು ಹೆಚ್ಚಿಸಲು ಏಜೆನ್ಸಿ ಒಪ್ಪಿಲ್ಲ. ಕೆಲಸ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ಗುತ್ತಿಗೆ ನವೀಕರಣದ ತಿಂಗಳಿಗೆ ಇಟ್ಟುಕೊಂಡಿದ್ದಾರೆ.