ಅಂಟುವ ಕಾಯಿಲೆ, ಉಳಿಯುವ ಕಾಯಿಲೆ: ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ ಸಾಂಕ್ರಾಮಿಕ ರೋಗ, ಇನ್ನೊಂದು ಕಡೆ ದೀರ್ಘಕಾಲದ ಕಾಯಿಲೆ ಎಂದು ಪಟ್ಟಿ ಮಾಡಿಸುತ್ತೇನೆ. ‘ಕ್ಷಯ ಯಾವ ಕಡೆಗೆ ಬರುತ್ತದೆ?’ ಎಂದು ಹುಡುಗನೊಬ್ಬ ಕೇಳಿದ. ಏನು ಹೇಳಲಿ?

ಉತ್ತರ: ಹುಡುಗ ಸರಿಯಾಗಿಯೇ ಕೇಳಿದ್ದಾನೆ, ತಪ್ಪಿರುವುದು ಗೆರೆಯಲ್ಲಿ. ‘ಅಂಟುತ್ತದೆಯೇ?’ ಎಂಬುದು ಒಂದು ಪ್ರಶ್ನೆ, ‘ಎಷ್ಟು ಕಾಲ ಉಳಿಯುತ್ತದೆ?’ ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ಹಲಗೆಯ ಮೇಲೆ ನಾಲ್ಕು ಮನೆ ಬರೆಯಿರಿ. ದಡಾರ, ಕಾಲರಾ ಅಂಟುತ್ತವೆ, ಸಾಮಾನ್ಯವಾಗಿ ದಿನ ಅಥವಾ ವಾರಗಳಲ್ಲಿ ಮುಗಿಯುತ್ತವೆ. ಸಕ್ಕರೆ ಕಾಯಿಲೆ, ಆಸ್ತಮಾ ಅಂಟುವುದಿಲ್ಲ, ಉಳಿಯುತ್ತವೆ. ಅಂಟದೆ ಬೇಗ ಮುಗಿಯುವುದಕ್ಕೆ ಅಪೆಂಡಿಸೈಟಿಸ್ ಒಂದು ಉದಾಹರಣೆ ಸಾಕು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಂಟಿಯೂ ಉಳಿಯುವ ಮನೆಯಲ್ಲಿ: ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ. ಎಚ್‌ಪಿವಿ ವೈರಸ್ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದರಿಂದ ಮುಂದೆ ಬರಬಹುದಾದ ಗರ್ಭಕಂಠದ ಕ್ಯಾನ್ಸರ್ ಹರಡುವುದಿಲ್ಲ. ಈ ವ್ಯತ್ಯಾಸ ತಿಳಿದರೆ ಕ್ಯಾನ್ಸರ್ ತಡೆಯಲು ಲಸಿಕೆ ಏಕೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಹೊಟ್ಟೆಹುಣ್ಣನ್ನೂ ಸೇರಿಸಿ. ಅದಕ್ಕೆ ಬ್ಯಾಕ್ಟೀರಿಯಾ ಕಾರಣವಾಗಬಹುದೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 2005ರಲ್ಲಿ ನೊಬೆಲ್ ಪಡೆದರು.

ಪ್ರಶ್ನೆ: ಲೋಟದ ನೀರು ಬೆರೆಸಿ ರೋಗ ಹರಡುವುದನ್ನು ತೋರಿಸುವ ಚಟುವಟಿಕೆ ಮಾಡಿದೆ. ಅಡುಗೆ ಸೋಡಾ ಬಳಸಿದ್ದೆ. ಕೊನೆಗೆ ಯಾವ ಲೋಟವೂ ಸರಿಯಾಗಿ ಬಣ್ಣಕ್ಕೆ ತಿರುಗಲಿಲ್ಲ.

ಉತ್ತರ: ಅಡುಗೆ ಸೋಡಾ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 8.3. ಕ್ಷಾರವಿದೆಯೆಂದು ಬಣ್ಣದಿಂದ ತೋರಿಸುವ ಫಿನಾಫ್ತಲೀನ್ ದ್ರಾವಣ ಗುಲಾಬಿಯಾಗಲು ಶುರುವಾಗುವುದೇ ಅಲ್ಲಿ, ಹಾಗಾಗಿ ಬಣ್ಣ ಕಂಡೂ ಕಾಣದಂತಿರುತ್ತದೆ. ವಾಷಿಂಗ್ ಸೋಡಾ ಬಳಸಿ. ಕಾಸ್ಟಿಕ್ ಸೋಡಾ ಖಂಡಿತ ಬೇಡ, ಚರ್ಮ ಸುಡುತ್ತದೆ.

200 ಮಿಲಿ ಹಿಡಿಯುವ 24 ಲೋಟಗಳಿಗೆ ಸಂಖ್ಯೆ ಬರೆದು ಪ್ರತಿಯೊಂದಕ್ಕೂ 50 ಮಿಲಿ ನೀರು ಹಾಕಿ. ಒಂದರಲ್ಲಿ ಮಾತ್ರ ಅರ್ಧ ಟೀ ಚಮಚ ವಾಷಿಂಗ್ ಸೋಡಾ ಪೂರ್ತಿ ಕರಗಿಸಿ. ಯಾವುದೆಂದು ಯಾರಿಗೂ ಹೇಳಬೇಡಿ. ಇಬ್ಬಿಬ್ಬರು ಸೇರಿ ಒಬ್ಬರ ನೀರನ್ನೆಲ್ಲ ಇನ್ನೊಬ್ಬರ ಲೋಟಕ್ಕೆ ಸುರಿದು, ಕಲಕಿ, ಸಮನಾಗಿ ಹಂಚಿಕೊಳ್ಳಲಿ. ಬಹಳ ಕಡೆ ಎಡವುವುದು ಇಲ್ಲಿಯೇ: ಮಕ್ಕಳು ಒಂದೆರಡು ತೊಟ್ಟು ಸುರಿದು ಮುಗಿಸುತ್ತಾರೆ, ಸೋಡಾ ತೀರಾ ತೆಳುವಾಗಿ ಕೊನೆಯ ಸುತ್ತಿನಲ್ಲಿ ಬಣ್ಣ ಬರುವುದಿಲ್ಲ. ಜೋಡಿ ಬದಲಿಸಿ ಮೂರು ಸುತ್ತು ಮಾಡಿಸಿ, ಯಾರು ಯಾರೊಂದಿಗೆ ಬೆರೆಸಿದರೆಂದು ಬರೆದಿಡಲಿ. ಆಮೇಲೆ ಎಲ್ಲ ಲೋಟಕ್ಕೂ ಎರಡೆರಡು ತೊಟ್ಟು ಫಿನಾಫ್ತಲೀನ್ ಹಾಕಿ. ಹೆಚ್ಚೆಂದರೆ ಎಂಟು ಲೋಟ ಗುಲಾಬಿಯಾಗುತ್ತವೆ. ಕನ್ನಡಕ ಹಾಕಿಸಿ, ಕುಡಿಯಬಾರದೆಂದು ಮೊದಲೇ ಹೇಳಿ, ಕೊನೆಗೆ ಕೈ ತೊಳೆಸಿ.

ಪಾಠದ ಸಾರವಿರುವುದು ಇದರ ನಂತರ. ಬರೆದಿಟ್ಟ ಪಟ್ಟಿ ಹಿಡಿದು ಮೂಲ ಹುಡುಕಲು ಹೇಳಿ. ಹುಡುಕಾಟ ಸಾಮಾನ್ಯವಾಗಿ ಮೊದಲ ಸುತ್ತಿನ ಒಂದು ಜೋಡಿಗೆ ಬಂದು ನಿಲ್ಲುತ್ತದೆ. ಇಬ್ಬರಲ್ಲಿ ಯಾರಿಂದ ಶುರುವಾಯಿತೆಂದು ಪಟ್ಟಿ ಹೇಳಲಾರದು. ಬೆರೆಸುವ ಮುಂಚೆ ಪ್ರತಿ ಲೋಟದಿಂದ ಸ್ವಲ್ಪ ಮಾದರಿ ತೆಗೆದಿಟ್ಟಿದ್ದರೆ ಮಾತ್ರ ತಿಳಿಯುತ್ತದೆ. ಮಾತಾಡುವಾಗ ಮಕ್ಕಳ ಹೆಸರು ಬೇಡ, ಲೋಟದ ಸಂಖ್ಯೆ ಹೇಳಿ. ‘ರೋಗ ತಂದವನು’ ಎಂಬ ಹಣೆಪಟ್ಟಿ ಆಟದಲ್ಲಿ ಅಂಟಿದರೂ ಮಗುವಿಗೆ ನೋವಾಗುತ್ತದೆ.

ಪ್ರಶ್ನೆ: ಸಿಹಿ ತಿಂದರೆ ಸಕ್ಕರೆ ಕಾಯಿಲೆ ಬರುತ್ತದೆಂದು ಹೇಳಿಕೊಡಬಹುದೇ? ತರಗತಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ.

ಉತ್ತರ: ದಯವಿಟ್ಟು ಹಾಗೆ ಹೇಳಬೇಡಿ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಅದಕ್ಕೂ ಸಿಹಿಗೂ ಸಂಬಂಧವಿಲ್ಲ. ಟೈಪ್ 2ರಲ್ಲಿ ಅನುವಂಶೀಯತೆ, ತೂಕ, ಮೈಗೆ ಚಟುವಟಿಕೆ ಇಲ್ಲದಿರುವುದು ಎಲ್ಲವೂ ಸೇರುತ್ತವೆ.

ಆ ಹುಡುಗಿಯ ವಿಷಯವನ್ನು ಅವಳ ಮತ್ತು ಮನೆಯವರ ಒಪ್ಪಿಗೆಯಿಲ್ಲದೆ ಎತ್ತಬೇಡಿ. ರಕ್ತದ ಸಕ್ಕರೆ ಕುಸಿದಾಗಿನ ಲಕ್ಷಣಗಳನ್ನು ಮಾತ್ರ ಎಲ್ಲರಿಗೂ ಕಲಿಸಿ: ಬೆವರು, ನಡುಕ, ಗೊಂದಲ. ಎಚ್ಚರವಿದ್ದು ನುಂಗಬಲ್ಲವರಾದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ, ತಕ್ಷಣ ಆಂಬುಲೆನ್ಸ್ ಕರೆಸಿ. ಕುಸಿದ ಹೊತ್ತಿನಲ್ಲಿ ಮಗುವನ್ನು ಒಬ್ಬಳನ್ನೇ ಶಿಕ್ಷಕರ ಕೊಠಡಿಗೆ ಕಳಿಸಬೇಡಿ.